ಒಂದು ಸೇರು ಕಣಕ

ನನ್ನನ್ನು ಯಾರು ಏನು ಬೇಕಾದರೂ ಅನ್ನಲಿ, ಮೈಗಳ್ಳಿ ಅಂದರೆ ಮಾತ್ರ ತಡೆದುಕೊಳ್ಳುವುದಿಲ್ಲ. ಜಗಳಗಂಟಿ ಅನ್ನಿ, ಒಪ್ಪಿಕೊಳ್ಳುತ್ತೇನೆ. ಬಾಯಿಬಡಕಿ ಅನ್ನಿ, ಬೇಡಕಿಹಾಳದಲ್ಲಿ ಅದಕ್ಕೆ ಬೇಕಾದಷ್ಟು ಸಾಕ್ಷಿ ಸಿಗುತ್ತದೆ. ಆದರೆ ಎಂಬತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ, ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ ಕಮಲಾಬಾಯಿ, ನಡುಮನೆಯಲ್ಲಿ ನಿಂತು ನನ್ನನ್ನು ಮೈಗಳ್ಳಿ ಅಂದಳು. ನಾನೂ ಸುಮ್ಮನೆ ಬಿಡಲಿಲ್ಲ, ಅದೇ ಹೆಸರನ್ನು ಅವಳಿಗೆ ತಿರುಗಿಸಿ ಕೊಟ್ಟೆ. ಸುಳ್ಳು ಇಬ್ಬರೂ ಹೇಳುತ್ತಿರಲಿಲ್ಲ. ಅವಳು ನಾನು ಖಾಲಿ ಕೂತದ್ದನ್ನು ಕಣ್ಣಾರೆ ಕಂಡಿದ್ದಳು, ನಾನು ಅವಳು ಖಾಲಿ ಕೂತದ್ದನ್ನು ಕಣ್ಣಾರೆ ಕಂಡಿದ್ದೆ.

ಅದಕ್ಕೂ ಮೊದಲು ನಮ್ಮಿಬ್ಬರ ನಡುವೆ ಒಂದು ಗಟ್ಟಿ ಮಾತು ಬಂದದ್ದಿಲ್ಲ. ನನಗೆ ತಾಯಿ ಇಲ್ಲ. ಈ ಮನೆಗೆ ಸೊಸೆಯಾಗಿ ಬಂದ ಮರುದಿನ ಬೆಳಿಗ್ಗೆ ನಾನು ಕನ್ನಡಿ ಮುಂದೆ ಕೂದಲು ಗಂಟು ಹಾಕಿಕೊಂಡು ಒದ್ದಾಡುತ್ತಿದ್ದಾಗ ಕಮಲಕ್ಕ ಹಿಂದಿನಿಂದ ಬಂದು ಬಾಚಣಿಗೆ ಕಸಿದುಕೊಂಡಳು. "ಯವ್ವಾ ಕುಸುಮಾ, ಇದೇನ್ ಜಡಿನೋ, ಹಗ್ಗನೋ?" ಅಂದಳು. ಅವತ್ತಿನಿಂದ ನನ್ನ ಜಡೆ ಅವಳ ಪಾಲಿನ ಕೆಲಸವಾಯಿತು. ಆರು ವರ್ಷ ದಿನಾ ಬೆಳಿಗ್ಗೆ ಅವಳು ಎಣ್ಣೆ ಹಚ್ಚಿ, ಎಳೆದು, ಬೈದು, ಜಡೆ ಹಾಕಿದಳು. ನನ್ನ ಗಂಡನ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತು ನಾನು ಆ ಹೊತ್ತಿನಲ್ಲಿ ಅವಳ ಹತ್ತಿರ ಆಡಿದ್ದೇನೆ.

ನಮ್ಮದು ಜೈನರ ಮನೆ. ಸ್ವಲ್ಪ ಕಬ್ಬಿನ ಹೊಲ, ಮೇಲೆ ಹಪ್ಪಳ ಮತ್ತು ಶ್ಯಾವಿಗೆಯ ವ್ಯಾಪಾರ. ಹೋಳಿ ಹುಣ್ಣಿಮೆ ಮುಗಿದು ಬಿಸಿಲೇರಿತೆಂದರೆ ನಿಪ್ಪಾಣಿ, ಚಿಕ್ಕೋಡಿ, ಇಚಲಕರಂಜಿಯ ಮದುವೆ ಮನೆಗಳಿಂದ ಕೇಳಿಕೆ ಬರುತ್ತಿತ್ತು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನವರು ರುಖವತ ಅಂತ ತಿಂಡಿ ತಿನಿಸುಗಳನ್ನು ಒಪ್ಪವಾಗಿ ಜೋಡಿಸಿ ನಾಲ್ಕು ಜನಕ್ಕೆ ಕಾಣುವಂತೆ ಇಡುತ್ತಾರೆ. ಅದರಲ್ಲಿ ನಮ್ಮ ಮನೆಯ ಹಪ್ಪಳ, ನಮ್ಮ ಮನೆಯ ಶ್ಯಾವಿಗೆ ಇದ್ದರೆ ಬೀಗರು ಬಾಯಿ ಮುಚ್ಚಿಕೊಂಡು ಇರುತ್ತಾರೆ ಎಂದು ಹೆಸರಿತ್ತು. ನಮ್ಮವರು, ಅಂದರೆ ನನ್ನ ಗಂಡ ಭೂಪಾಲ, ಎಂ-80 ಗಾಡಿಯ ಮೇಲೆ ಊರೂರು ತಿರುಗಿ ಕೇಳಿಕೆ ತರುತ್ತಿದ್ದರು. ಮಾಡುವವರು ನಾವಿಬ್ಬರು.

ಕೆಲಸ ಹಂಚಿಕೊಂಡದ್ದು ಕೈಗುಣದ ಮೇಲೆ. ಹಪ್ಪಳಕ್ಕೆ ಉದ್ದಿನ ಹಿಟ್ಟು ಕಲಸಿ ಒರಳಿನಲ್ಲಿ ಹಾಕಿ ಕುಟ್ಟುವುದಕ್ಕೆ ತೋಳು ಬೇಕು. ಅಕ್ಕನ ತೋಳು ನೋಡಿದರೆ ಗಂಡಸರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವಳು ಕುಟ್ಟಿ ಕೊಡಬೇಕು, ನಾನು ಕೂತು ತೆಳ್ಳಗೆ ಲಟ್ಟಿಸಬೇಕು. ಶ್ಯಾವಿಗೆಯಲ್ಲಿ ಇದು ತಿರುಗುಮುರುಗು. ರವೆಗೆ ನೀರು ಎಷ್ಟು, ಉಪ್ಪು ಎಷ್ಟು, ಎಷ್ಟು ನಾದಿದರೆ ಹದ ಬರುತ್ತದೆ, ಅದು ನನ್ನ ಕೈಗೆ ಗೊತ್ತು. ನಾನು ಕಣಕ ನಾದಿ ಕೊಡಬೇಕು, ಅಕ್ಕ ಮಣೆಯ ಮೇಲೆ ಕೂತು ಕೂದಲೆಳೆಯ ಹಾಗೆ ಹೊಸೆದು ಕೋಲಿಗೆ ಹಾಕಬೇಕು. ಕುಟ್ಟುವುದು, ನಾದುವುದು ಬೇಗ ಆಗುವ ಕೆಲಸ. ಲಟ್ಟಿಸುವುದು, ಹೊಸೆಯುವುದು ಸೊಂಟ ಬೀಳುವ ತನಕ ಕೂರುವ ಕೆಲಸ. ಅಂದರೆ ಅವಳ ದೊಡ್ಡ ಕೆಲಸಕ್ಕೆ ನನ್ನ ಸಣ್ಣ ಕೆಲಸ ಮೊದಲು ಆಗಬೇಕು, ನನ್ನ ದೊಡ್ಡ ಕೆಲಸಕ್ಕೆ ಅವಳ ಸಣ್ಣ ಕೆಲಸ ಮೊದಲು ಆಗಬೇಕು.

ಇದರ ಮೇಲೆ ನಮ್ಮ ಅತ್ತೆ ಲಕ್ಷ್ಮಿಬಾಯಿಯವರ ಕಟ್ಟಳೆ. ನೀರು ಬಿದ್ದ ಹಿಟ್ಟು ಹೊತ್ತು ಮುಳುಗಿದ ಮೇಲೆ ಉಳಿಯಕೂಡದು. ಉಳಿದರೆ ಅದರಲ್ಲಿ ಜೀವ ಹುಟ್ಟುತ್ತವೆ, ಅದು ಹಿಂಸೆ. ದೀಪ ಹಚ್ಚಿಕೊಂಡು ಮಾಡೋಣವೆಂದರೆ ದೀಪಕ್ಕೆ ಹುಳ ಬರುತ್ತವೆ, ಅದೂ ಹಿಂಸೆ. ಹೀಗಾಗಿ ಅತ್ತೆ ಒಂದು ಮಾತು ಕಲಿಸಿಕೊಟ್ಟಿದ್ದರು. "ಒದ್ದಿ ಹಿಟ್ಟು ಮುಂದ ಬಂತಂದ್ರ ಅದನ್ನ ಮುಗಿಸೂತನಕ ಬ್ಯಾರೆ ಕೆಲಸಕ್ಕ ಕೈ ಹಾಕಬ್ಯಾಡ್ರವಾ." ನಾವು ಅದನ್ನು ಹಾಗೆಯೇ ಪಾಲಿಸುತ್ತಿದ್ದೆವು. ಅದರಲ್ಲಿ ತಪ್ಪು ಹುಡುಕುವುದಕ್ಕೆ ಯಾರಿಗೂ ಏನೂ ಕಾಣುತ್ತಿರಲಿಲ್ಲ.

ಆ ವರ್ಷ ಇಚಲಕರಂಜಿಯ ಒಂದು ದೊಡ್ಡ ಮನೆತನದವರು ಹಪ್ಪಳ ಅವಸರದಲ್ಲಿ ಬೇಕೆಂದರು. ಅಕ್ಕ ಒಂದು ಬೆಳಿಗ್ಗೆ ಹುರುಪಿನಿಂದ ಎಂದಿಗಿಂತ ಮೂರು ಪಟ್ಟು ಹಿಟ್ಟು ಕುಟ್ಟಿ ನನ್ನ ಮುಂದೆ ಸುರಿದಳು. ನಾನು ಲಟ್ಟಣಿಗೆ ಹಿಡಿದು ಕೂತವಳು ಸಂಜೆಯ ತನಕ ತಲೆ ಎತ್ತಲಿಲ್ಲ. ಒದ್ದೆ ಹಿಟ್ಟು ಮುಂದೆ ಇತ್ತಲ್ಲ, ಎದ್ದು ಹೋಗಿ ಶ್ಯಾವಿಗೆಗೆ ನಾದುವುದು ಹೇಗೆ? ನಾನು ನಾದದಿದ್ದರೆ ಅಕ್ಕನಿಗೆ ಹೊಸೆಯುವುದಕ್ಕೆ ಕಣಕ ಎಲ್ಲಿಂದ ಬರಬೇಕು? ಅವಳು ಮಣೆ ಒರೆಸಿದಳು, ಕೋಲು ಒರೆಸಿದಳು, ಒಂದು ಸಲ ಅಂಗಳ ಗುಡಿಸಿದಳು, ಆಮೇಲೆ ಕಂಬಕ್ಕೆ ಒರಗಿ ಕೂತಳು.

ಮರುದಿನ ನೋಡಿದರೆ ಎರಡು ದಿನದ ಶ್ಯಾವಿಗೆ ಬಾಕಿ. ನಾನೂ ಹುರುಪಿನವಳೇ. ಎರಡು ದಿನದ್ದನ್ನೂ ಒಟ್ಟಿಗೆ ನಾದಿ ಅವಳ ಮುಂದೆ ಇಟ್ಟೆ. ಅವಳು ಮಣೆ ಹತ್ತಿದವಳು ಸಂಜೆಯ ತನಕ ಇಳಿಯಲಿಲ್ಲ. ಹಪ್ಪಳದ ಹಿಟ್ಟು ಕುಟ್ಟುವವರಿಲ್ಲ, ನಾನು ಕೈಕಟ್ಟಿ ಕೂತೆ. ಮೂರನೆಯ ದಿನ ಹಪ್ಪಳ ಬಾಕಿ. ಅವಳು ಇನ್ನೂ ದೊಡ್ಡ ಮುದ್ದೆ ಕುಟ್ಟಿದಳು. ನಾಲ್ಕನೆಯ ದಿನ ಶ್ಯಾವಿಗೆ ಬಾಕಿ, ನಾನು ಇನ್ನೂ ದೊಡ್ಡದು ನಾದಿದೆ. ಹೀಗೆ ಒಂದು ದಿನ ಅವಳ ಬೆನ್ನು ಮುರಿಯಿತು, ನಾನು ಕೂತೆ. ಇನ್ನೊಂದು ದಿನ ನನ್ನ ಬೆನ್ನು ಮುರಿಯಿತು, ಅವಳು ಕೂತಳು. ಹಗಲು ಸಾಲುತ್ತಿರಲಿಲ್ಲ, ಮೂಲೆಯಲ್ಲಿ ಉದ್ದಿನ ಚೀಲ, ರವೆಯ ಚೀಲ ಒಂದರ ಮೇಲೊಂದು ಏರಿದವು.

ಸೊಂಟ ನೋಯುತ್ತಿರುವವಳಿಗೆ ಎದುರಿಗೆ ಒಬ್ಬಳು ಕಂಬಕ್ಕೆ ಒರಗಿ ಕೂತದ್ದು ಕಂಡರೆ ಹೇಗಾಗುತ್ತದೆ, ಅನುಭವಿಸಿದವರಿಗೇ ಗೊತ್ತು. ನಾನು ಖಾಲಿ ಕೂತ ದಿನ ನನಗೆ ನೆನಪಿರುತ್ತಿರಲಿಲ್ಲ. ಅವಳು ಖಾಲಿ ಕೂತ ದಿನ ಮಾತ್ರ ಕಣ್ಣಿಗೆ ಕಟ್ಟಿದ ಹಾಗೆ ಇರುತ್ತಿತ್ತು. ಅವಳಿಗೂ ಹಾಗೆಯೇ ಆಗಿರಬೇಕು. ಒಂದು ಸಂಜೆ ಅವಳು ಗೋಡೆಯ ಕಡೆ ಮುಖ ಮಾಡಿ, "ಕೆಲವರಿಗೆ ಕುಂತ ತಿನ್ನೋ ರೂಢಿ ಬಿದ್ದೈತಿ," ಅಂದಳು. ನಾನು ಒಲೆಯ ಕಡೆ ಮುಖ ಮಾಡಿ, "ಹೌದವಾ, ಕಂಬಕ್ಕ ಕೇಳಿದ್ರ ಅದು ಹೇಳತೈತಿ," ಅಂದೆ. ಮೈಗಳ್ಳಿ ಅನ್ನುವ ಮಾತು ಅವತ್ತೇ ಬಂದದ್ದು.

ಮರುದಿನ ಬೆಳಿಗ್ಗೆ ನಾನು ಎಂದಿನ ಹಾಗೆ ಬಾಚಣಿಗೆ ಹಿಡಿದು ಹಿತ್ತಲ ಮೆಟ್ಟಿಲಿಗೆ ಹೋಗಿ ಕೂತೆ. ಕಮಲಕ್ಕ ನನ್ನ ಪಕ್ಕದಲ್ಲೇ ಹಾದು ಹೋದಳು, ನಿಲ್ಲಲಿಲ್ಲ. ನಾನೇ ಹೇಗೋ ಹೆಣೆದುಕೊಂಡೆ. ಜಡೆ ಎಡಕ್ಕೆ ವಾಲಿತು. ಅವತ್ತು ನಾನು ರವೆ ನಾದುವಾಗ ಅತ್ತುಬಿಟ್ಟೆ. ಕಣಕಕ್ಕೆ ಆ ದಿನ ಉಪ್ಪು ಹೆಚ್ಚಾಗಿರಬಹುದು.

ಆಮೇಲೆ ಮಾತು ನಿಂತಿತು. ಮಾತು ನಿಂತರೂ ವ್ಯಾಪಾರ ನಿಲ್ಲುವ ಹಾಗಿಲ್ಲ, ಹೀಗಾಗಿ ಎಲ್ಲ ಸುದ್ದಿಯೂ ಅತ್ತೆಯವರ ಮೂಲಕ ಹೋಗುತ್ತಿತ್ತು. "ಅತ್ತೀ, ಜೀರಿಗಿ ಮುಗದೈತಿ ಅಂತ ಅಕಿಗೆ ಹೇಳ್ರಿ." ಅಕ್ಕ ಅಲ್ಲೇ ಎರಡು ಮೊಳ ದೂರದಲ್ಲಿ ಕೂತಿರುತ್ತಿದ್ದಳು. ಅತ್ತೆ ಅವಳ ಕಡೆ ತಿರುಗಿ, "ಜೀರಿಗಿ ಮುಗದೈತಂತ," ಅನ್ನುತ್ತಿದ್ದರು. "ಡಬ್ಬಿ ಹಿಂದ ಇನ್ನೊಂದ ಪುಡಕಿ ಐತಿ ಅನ್ರಿ." ಅತ್ತೆ ಈ ಕಡೆ ತಿರುಗಿ ಅದನ್ನೂ ಅನ್ನುತ್ತಿದ್ದರು. ಅಷ್ಟಮಿ ಮತ್ತು ಚತುರ್ದಶಿಯ ದಿನ ಅತ್ತೆಯವರಿಗೆ ಹೊತ್ತು ಮುಳುಗುವ ತನಕ ಮೌನ ವ್ರತ. ಆ ದಿನ ನಮ್ಮ ಮನೆಯಲ್ಲಿ ಅಂಚೆ ಬಂದ್.

ಗಂಡಸರು ನಡುವೆ ಬಾಯಿ ಹಾಕದೆ ಇರುತ್ತಾರೆಯೇ? ನನ್ನ ಅಣ್ಣ ಕಾಕಾಸಾಹೇಬ ಶಿರಗುಪ್ಪಿ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸದ ಪಾಳಿ ಹಚ್ಚುವವನು. ನೋಡಿಕೊಂಡು ಹೋಗಲು ಬಂದವನು ಚಹಾ ಕುಡಿಯುತ್ತ ಎಲ್ಲ ಕೇಳಿ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬೆರಳು ಮಡಚಿದ. "ಲೆಕ್ಕಾ ಬಾಳ ಸರಳ ಐತಿ. ಕುಸುಮನ ಕೆಲಸ ಮೂರೂವರಿಗೆ ಮುಗೀಬೇಕು. ಅಕ್ಕಾರ ಕೆಲಸನೂ ಅಷ್ಟೊತ್ತಿಗೇ ಮುಗೀಬೇಕು. ಮುಂದ ಹೊತ್ತ ಮುಳುಗೂತನಕ ಇಬ್ಬರೂ ಹರಟಿ ಹೊಡಕೋತ ಕುಂಡ್ರಬೇಕು. ಕೆಲಸ ಬಾಕಿ ಉಳಿಯಾಕ ಸಾಧ್ಯನ ಇಲ್ಲ."

"ಮತ್ತ ಉಳದೈತೆಲ್ಲ ದಾದಾ?" ಅಂದೆ.

"ಅಂದ್ರ ಯಾರೋ ಒಬ್ಬರು ಕೆಲಸ ಕದಿಯಾಕತ್ತಾರ," ಅಂತ ಹೇಳಿ ಅವನು ಬಸ್ಸು ಹಿಡಿದು ಹೋದ. ಹಚ್ಚಿ ಹೋದದ್ದು ಬೆಂಕಿ. ಯಾರೋ ಒಬ್ಬರು ಅಂದರೆ ಯಾರು? ನಾನಲ್ಲ ಎಂದು ನನಗೆ ಗೊತ್ತಿತ್ತು. ತಾನಲ್ಲ ಎಂದು ಅವಳಿಗೆ ಗೊತ್ತಿತ್ತು. ಉಳಿದವರು ಯಾರು? ಬೆಕ್ಕು ಹಪ್ಪಳ ಲಟ್ಟಿಸುವುದಿಲ್ಲ.

ಆಮೇಲೆ ನಮ್ಮವರ ಸರದಿ. ಅವರು ಇಚಲಕರಂಜಿಯಿಂದ ಹಿಟ್ಟು ನಾದುವ ಒಂದು ಯಂತ್ರ ತಂದರು. ಹಿಟ್ಟು ಹಾಕಿ ಹಿಡಿಕೆ ತಿರುಗಿಸಿದರೆ ಸಾಕು, ಕುಟ್ಟುವುದೂ ನಾದುವುದೂ ಅರ್ಧಕ್ಕರ್ಧ ಬೇಗ. "ಇನ್ನ ನೋಡ್ರಿ, ಎಲ್ಲಾ ಹಾದಿಗೆ ಬರತೈತಿ," ಎಂದು ಯಂತ್ರಕ್ಕೆ ಕುಂಕುಮ ಹಚ್ಚಿದರು. ಬೇಗ ಆಗುವ ಕೆಲಸ ಇನ್ನೂ ಬೇಗ ಆಯಿತು, ಅಷ್ಟೇ. ಅಕ್ಕ ಆ ಯಂತ್ರ ತಿರುಗಿಸಿ ಬೆಳ್ಳಂಬೆಳಿಗ್ಗೆ ನನ್ನ ಮುಂದೆ ಎಂಥ ಗುಡ್ಡೆ ಇಟ್ಟಳೆಂದರೆ, ಗುಡ್ಡೆಯ ಆಚೆ ಅವಳು ಕಂಬಕ್ಕೆ ಒರಗಿದ್ದು ಕೂಡ ಕಾಣಲಿಲ್ಲ. ಮರುದಿನ ನಾನೂ ಅದೇ ಹಿಡಿಕೆ ತಿರುಗಿಸಿದೆ. ಸಂಜೆ ಅವಳಿಗೆ ಮಣೆಯಿಂದ ಏಳುವುದಕ್ಕೆ ಕಂಬ ಬೇಕಾಯಿತು. ಒಂದು ವಾರದಲ್ಲಿ ಚೀಲಗಳ ರಾಶಿ ಕಿಟಕಿ ಮುಚ್ಚಿತು.

ಕೊನೆಗೆ ಕಮಲಕ್ಕನ ಗಂಡ, ನನ್ನ ಭಾವ ಭೀಮಗೊಂಡ ಅವರು ಬಾಯಿ ಬಿಟ್ಟರು. ಅವರು ಮಾತಾಡುವುದೇ ಕಡಿಮೆ. ಆಡಿದರೆ ಅದು ಆಗಿಹೋದ ಮಾತು. ಊಟಕ್ಕೆ ಕೂತಾಗ ತಾಟಿನ ಕಡೆ ನೋಡುತ್ತ ಅಂದರು, "ದಿನಾ ಈ ಕಿರಿಕಿರಿ ಬ್ಯಾಡ. ಒಲಿ ಬ್ಯಾರೆ ಮಾಡೂಣು. ಅಕ್ಷಯ ತದಿಗಿಗೆ ನಡಮನ್ಯಾಗ ಗ್ವಾಡಿ ಹಾಕಸ್ತೀನಿ." ಮರುದಿನ ಒಂದು ಚಕ್ಕಡಿ ಇಟ್ಟಿಗೆ ಬಂದು ಅಂಗಳದಲ್ಲಿ ಬಿತ್ತು.

ಜಗಳ ಆಡುವುದು ಬೇರೆ, ಗೋಡೆ ಬೇರೆ. ಜಗಳವಾಡಿದವಳು ಒಂದಲ್ಲ ಒಂದು ದಿನ ಬಾಚಣಿಗೆ ಕಸಿದುಕೊಳ್ಳಲು ಬರಬಹುದು, ಗೋಡೆಯ ಆಚೆಯಿಂದ ಬರುವುದು ಹೇಗೆ? ರಾಶಿ ಕರಗಿದರೆ ಸಿಟ್ಟು ಕರಗುತ್ತದೆ, ಸಿಟ್ಟು ಕರಗಿದರೆ ಇಟ್ಟಿಗೆ ಅಂಗಳದಲ್ಲೇ ಇರುತ್ತದೆ. ಆದರೆ ರಾಶಿ ಕರಗಿಸುವುದು ಹೇಗೆಂದು ಯಾರಿಗೆ ಗೊತ್ತು? ನಾವು ಹೆಚ್ಚು ದುಡಿದಷ್ಟೂ ಅದು ಹೆಚ್ಚು ಬೆಳೆಯುತ್ತಿತ್ತು.

ಅಕ್ಷಯ ತದಿಗೆಯ ಮುಂಚಿನ ಅಷ್ಟಮಿಯ ದಿನ. ಅತ್ತೆಯವರ ಮೌನ. ಹಪ್ಪಳದ ಪಾಳಿ. ಅಕ್ಕ ಉದ್ದು ಬೀಸಿಸಲು ಮುರಗೆಪ್ಪನ ಗಿರಣಿಗೆ ಹೋದಳು. ಒಂದು ಸೇರು ಬೀಸುವಷ್ಟರಲ್ಲಿ ಕರೆಂಟ್ ಹೋಯಿತು. ಆ ಒಂದು ಸೇರನ್ನೇ ಹೊತ್ತುಕೊಂಡು ಬಂದು, ಕುಟ್ಟಿ, ನನ್ನ ಮುಂದೆ ಕುಕ್ಕಿ, ಹೋಗಿ ಕಂಬಕ್ಕೆ ಒರಗಿದಳು. ನಾನು ಲಟ್ಟಿಸಿ ಮುಗಿಸಿದಾಗ ಬಿಸಿಲು ಇನ್ನೂ ನೆತ್ತಿಗೆ ಬಂದಿರಲಿಲ್ಲ. ನನ್ನ ಕೈ ಖಾಲಿ, ಎದುರಿಗೆ ಇವಳು ಒರಗಿದ್ದಾಳೆ. ನನಗೆ ಮೈಯೆಲ್ಲ ಉರಿಯಿತು. ಇವಳನ್ನು ಹೀಗೆ ಕೂರಲು ಬಿಡಬಾರದೆಂದು ಮನೆಯಲ್ಲಿದ್ದ ರವೆಯಲ್ಲಿ ಒಂದು ಸೇರು ನಾದಿ ಅವಳ ಮುಂದೆ ಇಟ್ಟೆ. ಅಷ್ಟೊತ್ತಿಗೆ ಕರೆಂಟ್ ಬಂದಿತ್ತು, ಮುರಗೆಪ್ಪ ಉಳಿದ ಉದ್ದನ್ನೂ ಬೀಸಿ ಕಳಿಸಿದ್ದ. ನನ್ನ ಕಣಕ ಒದ್ದೆ ಬಟ್ಟೆಯ ಕೆಳಗೆ ನೆನೆಯಬೇಕಲ್ಲ, ಆ ಹೊತ್ತಿನಲ್ಲಿ ಅವಳು ಮತ್ತೊಂದಿಷ್ಟು ಕುಟ್ಟಿ ನನ್ನ ಮುಂದೆ ಒಗೆದಳು. ಇಬ್ಬರೂ ಎದುರುಬದುರು ಕೂತು ಸಂಜೆಯ ತನಕ ಕೆಲಸ ಮಾಡಿದೆವು.

ಹೊತ್ತು ಮುಳುಗುವಾಗ ಒಣಹಾಕಿದ್ದನ್ನು ತೆಗೆಯಲು ಮಾಳಿಗೆಗೆ ಹೋದೆ. ಕೋಲುಗಳ ಮೇಲೆ ಶ್ಯಾವಿಗೆ, ಚಾಪೆಯ ಮೇಲೆ ಹಪ್ಪಳ. ಎರಡೂ. ಒಂದೇ ದಿನದಲ್ಲಿ. ಅರ್ಧ ದಿನ ಗಿರಣಿ ನಿಂತರೂ ಎಂದಿಗಿಂತ ಹೆಚ್ಚು. ನಾನು ಅಲ್ಲೇ ಕೂತುಬಿಟ್ಟೆ. ನಮ್ಮಿಬ್ಬರ ಕೈ ಒಂದೇ ಹೊತ್ತಿನಲ್ಲಿ ಆಡಿದ್ದು ಒಂದು ತಿಂಗಳಲ್ಲಿ ಅದೇ ಮೊದಲು. ನನ್ನ ಅಣ್ಣ ಲೆಕ್ಕ ಹಾಕುವಾಗ ಇಬ್ಬರೂ ದಿನಾ ದುಡಿಯುತ್ತೇವೆ ಎಂದು ಹಿಡಿದಿದ್ದ. ನಾವು ದಿನಾ ದುಡಿಯುತ್ತಲೇ ಇರಲಿಲ್ಲ. ಒಂದು ದಿನ ಅವಳು, ಒಂದು ದಿನ ನಾನು. ಎರಡೆತ್ತು ಕಟ್ಟಿ ಒಂದೊಂದರಿಂದಲೇ ಎಳೆಸಿದ ಹಾಗೆ. ಹಾಗೆ ಮಾಡಿದ್ದು ಅವಳೂ ಅಲ್ಲ, ನಾನೂ ಅಲ್ಲ. ಆ ದೊಡ್ಡ ಮುದ್ದೆ. ಅದು ಯಾರ ಮುಂದೆ ಬೀಳುತ್ತದೋ ಅವಳನ್ನು ಕಟ್ಟಿ ಹಾಕುತ್ತದೆ, ಅವಳು ಕಟ್ಟಿಬಿದ್ದರೆ ಇನ್ನೊಬ್ಬಳ ಕೈಗೆ ಕೆಲಸ ಬರುವ ದಾರಿ ಮುಚ್ಚುತ್ತದೆ.

ಗೊತ್ತಾದದ್ದೇನೋ ಆಯಿತು, ಹೇಳುವುದು ಹೇಗೆ? ಹಿಟ್ಟು ಕಡಿಮೆ ಕೊಡು ಎಂದು ನಾನು ಕೇಳಬೇಕು. ಯಾರಿಗೆ? ನನ್ನನ್ನು ಮೈಗಳ್ಳಿ ಅಂದವಳಿಗೆ. ಆದರೂ ಗೋಡೆಯ ಭಯ. ಮರುದಿನ ಬೆಳಿಗ್ಗೆ ಅತ್ತೆಯವರ ಮೂಲಕ ಹೇಳಿ ಕಳಿಸಿದೆ.

ಅತ್ತೆ ಆ ಕಡೆ ತಿರುಗಿದರು. "ನಾಳಿಂದ ಹಿಟ್ಟ ಕಡಿಮಿ ಕುಟ್ಟಬೇಕಂತ. ಒಂದ ಸೇರ ಸಾಕಂತ. ಹಂಗ ಮಾಡಿದ್ರ ಕೆಲಸ ಬೇಗ ಮುಗಿತೈತಂತ."

ಅಕ್ಕ ಕೈ ಕೊಡವಿಕೊಂಡಳು. "ಕಡಿಮಿ ಮಾಡಿದ್ರ ಬೇಗ ಮುಗಿತೈತಿ, ಖರೇ. ಮಾಡದ ಇದ್ರ ಇನ್ನೂ ಬೇಗ ಮುಗಿತೈತಿ. ಹಾಸಗಿನೂ ಹಾಸಿ ಕೊಡ್ಲೇನು ಕೇಳ್ರಿ ಅಕಿನ್ನ."

ಅತ್ತೆ ನನ್ನ ಕಡೆ ತಿರುಗಿದರು. "ಕೇಳಿಸ್ತ್ರೀ," ಅಂದೆ. ಅವತ್ತು ಸಂಜೆ ಭಾವ ಒಂದು ಚಕ್ಕಡಿ ಉಸುಕನ್ನೂ ತರಿಸಿದರು.

ನನಗೆ ನಿಜವಾಗಿ ಸಿಟ್ಟು ಬಂತು. ಕೇಳಿದರೆ ಕೊಡುವುದಿಲ್ಲ ಅಲ್ಲವೇ, ನಾನೇ ಕೊಡುತ್ತೇನೆ. ಮರುದಿನ ಬೆಳಕು ಹರಿಯುತ್ತಲೇ ಎದ್ದೆ. ಅವಳು ಯಂತ್ರದ ಹತ್ತಿರ ಹೋಗುವ ಮೊದಲೇ ಒಂದು ಸೇರು ರವೆ ನಾದಿ, ಮನೆಯಲ್ಲಿದ್ದ ಎಲ್ಲಕ್ಕಿಂತ ಚಿಕ್ಕ ಪಾತ್ರೆಯಲ್ಲಿ ಹಾಕಿ, ಮಣೆಯ ಮುಂದೆ ಇಟ್ಟೆ. ಒದ್ದೆ ಹಿಟ್ಟು ಮುಂದೆ ಬಂದಮೇಲೆ ಅವಳು ಗುಡ್ಡೆ ಕುಟ್ಟುವ ಹಾಗಿಲ್ಲ. ಅತ್ತೆಯವರ ಕಟ್ಟಳೆ ಮೊದಲ ಸಲ ನನ್ನ ಕೈಗೆ ಬಂದಿತ್ತು.

ಅಕ್ಕ ಪಾತ್ರೆ ನೋಡಿದಳು. ನನ್ನನ್ನು ನೋಡಿದಳು. ಮುಖ ಕೆಂಪಾಯಿತು. "ಅತ್ತೀ, ನನ್ನ ಕೈಗೆ ಇಷ್ಟ ಕಣಕಾ ಸಾಕೇನು? ನಾ ಏನ್ ಗುಬ್ಬಿಗೆ ಶ್ಯಾವಿಗಿ ಹೊಸ್ಯಾಕತ್ತೀನೇನು?"

"ಅದು ನೆನ್ಯೂತನಕ ಕುಂಡ್ರು ಅನ್ರಿ," ಅಂದೆ ನಾನು. "ಕುಂತ ರೂಢಿ ಐತೆಲ್ಲ."

ಆ ಮಾತು ನಾಟಿತು. ಕಣಕದ ಮೇಲೆ ಒದ್ದೆ ಬಟ್ಟೆ ಎಳೆದು ಅವಳು ದಡಬಡ ಯಂತ್ರದ ಹತ್ತಿರ ಹೋದಳು. ಗುಡ್ಡೆ ಹಾಕುವಷ್ಟು ಹೊತ್ತಿರಲಿಲ್ಲ. ಒಂದೇ ಒಂದು ಸೇರು ಉದ್ದಿನ ಹಿಟ್ಟು ಅಳೆದಳು, ಅಂಚಿನ ಮೇಲಿನದನ್ನು ಬೆರಳಿನಿಂದ ಗೀರಿ ತೆಗೆದಳು, ಕಲಸಿ ಕುಟ್ಟಿ ತಂದು ನನ್ನ ಮಣೆಯ ಮೇಲೆ ಹೊಡೆದಳು. "ನಮಗೂ ಅಳತಿ ಗೊತ್ತೈತಿ ಅಂತ ಹೇಳ್ರಿ ಅಕಿಗೆ." ಆಮೇಲೆ ತನ್ನ ಮಣೆ ಹತ್ತಿ ಹೊಸೆಯತೊಡಗಿದಳು. ನಾನು ಲಟ್ಟಣಿಗೆ ಹಿಡಿದೆ.

ಅವಳು ಮೊದಲು ಮುಗಿಸಿದಳು. ಖಾಲಿ ಕೂತರೆ ನಾನು ನೋಡುತ್ತೇನೆಂದು ಗೊತ್ತಿತ್ತು, ಎದ್ದು ಇನ್ನೊಂದು ಸೇರು ಕುಟ್ಟಿ ತಂದು ನನ್ನ ಮುಂದೆ ಹೊಡೆದಳು. ನಾನು ಬಿಡುತ್ತೇನೆಯೇ? ಅರ್ಧ ಲಟ್ಟಿಸಿದ್ದನ್ನು ಮುಚ್ಚಿಟ್ಟು ಎದ್ದು ಒಂದು ಸೇರು ನಾದಿ ಅವಳ ಮುಂದೆ ಹೊಡೆದೆ. ಒದ್ದೆ ಹಿಟ್ಟು ಬಿಟ್ಟು ಎದ್ದದ್ದಕ್ಕೆ ಅತ್ತೆ ಬೈಯುತ್ತಾರೆಂದು ಅವರ ಕಡೆ ನೋಡಿದೆ. ಅವರು ಅವಳನ್ನೂ ನನ್ನನ್ನೂ ನೋಡಿದರು, ಮಾಳಿಗೆಯ ಮೇಲಿನ ಕೋಲುಗಳನ್ನೂ ಒಂದು ಸಲ ನೋಡಿ ಬಂದರು. "ಹೊತ್ತ ಮುಳುಗೂದ್ರಾಗ ಮುಗದ್ರ ಆತವಾ," ಅಂದರು. ಅದು ಅವರು ಯಾರ ಪರವಾಗಿಯೂ ಒಯ್ಯದೆ ತಾವೇ ಆಡಿದ ಮಾತು.

ಮರುದಿನ ನಾನು ಏಳುವಷ್ಟರಲ್ಲಿ ನನ್ನ ಮಣೆಯ ಮೇಲೆ ಒಂದು ಸೇರು ಹಿಟ್ಟು ಕೂತಿತ್ತು. ಅವಳು ಇನ್ನೂ ಬೇಗ ಎದ್ದಿದ್ದಳು. ಅದರ ಮರುದಿನ ನಾನು ಅವಳಿಗಿಂತ ಮೊದಲು ಎದ್ದೆ. ಹೀಗೆ ಪಂತ ಬಿತ್ತು. ಒಬ್ಬರ ಮುಖ ಒಬ್ಬರು ನೋಡದೆ, ಹಲ್ಲು ಕಚ್ಚಿಕೊಂಡು, ಎದ್ದ ಕೂಡಲೇ ಮೊದಲು ಇನ್ನೊಬ್ಬಳ ಕೆಲಸ ಮಾಡಿ ಅವಳ ಮುಖದ ಮೇಲೆ ಎಸೆಯುವುದು, ಆಮೇಲೆ ತನ್ನದು. ಇಷ್ಟು ದ್ವೇಷದಿಂದ ಇಷ್ಟು ಒಳ್ಳೆಯ ಶ್ಯಾವಿಗೆ ಈ ಸೀಮೆಯಲ್ಲಿ ಯಾರೂ ಹೊಸೆದಿರಲಿಕ್ಕಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಆ ದಿನದ್ದು ಮುಗಿಯುತ್ತಿತ್ತು, ಉಳಿದ ಹೊತ್ತಿನಲ್ಲಿ ಹಳೆಯ ಚೀಲ ಒಂದೊಂದಾಗಿ ಇಳಿಯುತ್ತಿತ್ತು. ಕಿಟಕಿಯಿಂದ ಬೆಳಕು ಬಂತು. ನಮ್ಮವರು ಯಂತ್ರದ ಪ್ರತಾಪ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ಆದರೆ ಭಾವ ಆಡಿದ ಮಾತು ಹಾಗೆಯೇ ಇತ್ತು. ಚತುರ್ದಶಿಯ ಬೆಳಿಗ್ಗೆ ಅವರು, "ಗ್ವಾಡಿ ಕಟ್ಟೂ ಗೌಂಡಿ ಇವತ್ತ ಬಂದ ದಾರಾ ಹಿಡದ ಗುರುತ ಹಾಕತಾನ," ಎಂದು ಹೇಳಿ ಹೊರಗೆ ಹೋದರು. ನನ್ನ ಕೈ ಹಿಟ್ಟಿನಲ್ಲೇ ನಿಂತಿತು.

ಮೂಲೆಯಲ್ಲಿ ಕೊನೆಯ ಚೀಲ. ಒಂದೇ ಒಂದು ಮದುವೆಯದು ಬಾಕಿ. ಅಕ್ಕ ಉದ್ದಿನ ಡಬ್ಬಿಯ ಮುಂದೆ ಸೇರು ಹಿಡಿದು ನಿಂತಳು. ಎಷ್ಟು ಹಪ್ಪಳ ಬಾಕಿ ಇದೆ ಎನ್ನುವುದು ನನಗೆ ಮಾತ್ರ ಗೊತ್ತು. ಅವಳು ಅತ್ತೆಯವರ ಕಡೆ ನೋಡಿದಳು. ಅತ್ತೆಯವರ ಮೌನ. ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದರು. ಅಕ್ಕ ಕೆಮ್ಮಿದಳು. ಅತ್ತೆ ಕಣ್ಣು ಇನ್ನೂ ಗಟ್ಟಿ ಮುಚ್ಚಿದರು. ಅಕ್ಕ ಸೇರನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡಳು. ಬೆಕ್ಕನ್ನು ನೋಡಿದಳು. ಕೊನೆಗೆ ಡಬ್ಬಿಯ ಒಳಗೆ ಮುಖ ಹಾಕಿ ಕೇಳಿದಳು.

"ಎಷ್ಟ ಕುಟ್ಲಿ?"

ಒಂದು ತಿಂಗಳ ಮೇಲೆ ಅವಳು ನನಗೇ ಎಂದು ಆಡಿದ ಮಾತು ಅದು.

"ಒಂದ ಸೇರ ಸಾಕಕ್ಕಾ."

ಅವಳು ಅಳೆದಳು. ಅಳೆಯುತ್ತ ಬೆನ್ನು ತಿರುಗಿಸಿಯೇ ಕೇಳಿದಳು, "ಒಂದ ಮಾತ ಕೇಳ್ತೀನಿ, ಖರೇ ಹೇಳ. ನಾ ಹೊಸಿಯೂ ಮುಂದ ನೀ ದಿನಾಪೂರ್ತಿ ಕುಂಡ್ರತಿದ್ದೆಲ್ಲ, ಏನ್ ಮಾಡತಿದ್ದಿ?"

"ನಿನ್ನ ಬೈಕೋತ ಕುಂಡ್ರತಿದ್ದೆ," ಅಂದೆ. "ನೀ?"

"ನಾನೂ." ಅವಳು ಈಗ ತಿರುಗಿದಳು. "ಒಂದೀಟೂ ಪುರಸೊತ್ತ ಇರ್ತಿದ್ದಿಲ್ಲ."

ನನಗೆ ನಗು ತಡೆಯಲಿಲ್ಲ. ಅವಳಿಗೂ. ಅತ್ತೆಯವರ ಕಣ್ಣು ಮುಚ್ಚಿಯೇ ಇತ್ತು, ಭುಜ ಮಾತ್ರ ಕುಲುಕುತ್ತಿತ್ತು. ನಗುತ್ತ ನಗುತ್ತ ನನಗೆ ಅಳು ಬಂತು, ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡೆ. ಅಕ್ಕ ಸೇರು ಕೆಳಗಿಟ್ಟು ನನ್ನ ಹತ್ತಿರ ಬಂದು ನಿಂತಳು.

"ಒಂದ ತಿಂಗಳಾತು ನೋಡಾಕತ್ತೀನಿ. ಆ ಜಡಿ ನೋಡಿ ನೋಡಿ ನನಗ ಕುತಿಗಿ ವಾಲೈತಿ. ತಾ ಇಲ್ಲೆ ಬಾಚಣಕಿ."

"ಕಣಕಾ ಮುಂದ ಐತಿ ಅಕ್ಕಾ."

"ನೆನೀಲಿ," ಅಂದಳು.

ನಡುಮನೆಯ ನಟ್ಟನಡುವೆ ಅವಳು ಮಣೆ ಹಾಕಿ ಕೂತಳು, ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಎಣ್ಣೆ ಹಚ್ಚಿ, ಗಂಟು ಬಿಡಿಸುತ್ತ, ಎಳೆಯುತ್ತ, ಬೈಯುತ್ತ ಹೆಣೆಯತೊಡಗಿದಳು. ಅಷ್ಟರಲ್ಲಿ ಭಾವ ಗೌಂಡಿಯನ್ನು ಕರೆದುಕೊಂಡು ಒಳಗೆ ಬಂದರು. ಗೌಂಡಿಯ ಕೈಯಲ್ಲಿ ದಾರದ ಉಂಡೆ. ಅವನು ಈ ಗೋಡೆ ನೋಡಿದ, ಆ ಗೋಡೆ ನೋಡಿದ, ದಾರ ಹಾಯಬೇಕಾದ ಜಾಗದಲ್ಲಿ ಸರಿಯಾಗಿ ನಾವಿಬ್ಬರು ಕೂತಿದ್ದೆವು.

"ಸ್ವಲ್ಪ ಸರೀರಿ ಆ ಕಡೆ," ಅಂದರು ಭಾವ. "ದಾರಾ ಹಿಡಿಯೂದೈತಿ."

ಅಕ್ಕ ತಲೆ ಎತ್ತಲಿಲ್ಲ. ಮೂರು ಎಳೆಯನ್ನೂ ಬಿಗಿಯಾಗಿ ಹಿಡಿದುಕೊಂಡೇ ಹೇಳಿದಳು.

"ಕಾಣವಲ್ದೇನ್ರಿ? ಕೈ ಖಾಲಿ ಇಲ್ಲ."

ಭಾವ ಹೆಂಡತಿಯನ್ನು ನೋಡಿದರು, ಮೂಲೆಯ ಚೀಲವನ್ನು ನೋಡಿದರು, ಮೌನದಲ್ಲಿದ್ದ ತಾಯಿಯನ್ನು ನೋಡಿದರು. ಗೌಂಡಿ ದಾರ ಸುತ್ತಿ ಜೇಬಿಗೆ ಹಾಕಿಕೊಂಡ.